ಮಂಗನ ಕಾಯಿಲೆ: ಲಸಿಕೆ ಇಲ್ಲದ ಈ ಹೊತ್ತಿನಲ್ಲಿ ಉಣುಗಿನಿಂದ ತಪ್ಪಿಸಿಕೊಳ್ಳೋದು ಹೇಗೆ?

ಸಾಗರ: ಅಡಕೆ ಕೊಯ್ಲಿನ ಗಡಿಬಿಡಿ ಒಂದು ಹದಕ್ಕೆ ಬಂತು ಅಂದ್ರೆ ನಮ್ಮ ಕಡೆ ಜನ ದರಗು ಗುಡಿಸೋಕೆ, ಕಟ್ಟಿಗೆ ತರೋಕೆ ಬೆಟ್ಟಕ್ಕೆ ಹೋಗೋಕೆ ಶುರು ಮಾಡ್ತಾರೆ. ಮಂಗನ ಕಾಯಿಲೆ ಹರಡೋ ಉಣುಗು ದರಗಿನಲ್ಲಿ ತುಂಬಿಕೊಳ್ಳೋದೂ ಸರಿಯಾಗಿ ಅದೇ ಹೊತ್ತಿಗೆ. ನವೆಂಬರ್-ಡಿಸೆಂಬರ್‌ನಲ್ಲಿ ಶುರುವಾಗಿ, ಜನವರಿಯಿಂದ ಮಾರ್ಚ್‌ವರೆಗೆ ಜೋರಾಗಿ, ಮಳೆ ಹಿಡಿಯೋವರೆಗೂ ಈ ಕಾಟ ಇರುತ್ತೆ. ಪ್ರತಿ ವರ್ಷ ಆರೋಗ್ಯ ಇಲಾಖೆ ಕರಪತ್ರ ಹಂಚುತ್ತೆ, ನಾವೂ ಸುದ್ದಿ ಹಾಕ್ತೀವಿ, ಜನ ನೋಡಿ ಮುಂದಕ್ಕೆ ತಳ್ತಾರೆ. ಹಿಂದೆಲ್ಲಾ "ಇಂಜೆಕ್ಷನ್ ಹಾಕಿಸ್ಕೊಂಡಿದೀವಿ ಬಿಡಿ" ಅನ್ನೋ ಧೈರ್ಯವಾದ್ರೂ ಇತ್ತು. ಈಗ ಅದೂ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಪೂರ್ತಿ ವಿಷಯ ಒಂದೇ ಕಡೆ ಬರೀತಿದ್ದೇವೆ. ಉಳಿಸಿಟ್ಟುಕೊಳ್ಳಿ, ಊರಿನ ಗ್ರೂಪಿಗೂ ಕಳಿಸಿ.

ಹೆಸರು ಬಂದಿದ್ದು ಸೊರಬದಿಂದ

ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತಾರೆ, ಚಿಕ್ಕದಾಗಿ ಕೆಎಫ್‌ಡಿ. ಕ್ಯಾಸನೂರು ಕಾಡು ಇರೋದು ಸೊರಬ ತಾಲೂಕಿನಲ್ಲಿ. 1957ರಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬೀಳೋಕೆ ಶುರುವಾಯ್ತು, ಹಿಂದೆಯೇ ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ) ಬಂದು ನೋಡಿದಾಗ ಮೊದಲು ಅನುಮಾನ ಪಟ್ಟಿದ್ದು ಹಳದಿ ಜ್ವರದ ಮೇಲೆ. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನ ಕೊಲ್ಲೋ ಆ ಕಾಯಿಲೆ ಭಾರತಕ್ಕೂ ಬಂತಾ ಅನ್ನೋ ಗಾಬರಿ. ರಕ್ತ ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಬೇರೆಯದೇ ವೈರಸ್. ರಷ್ಯಾ ಕಡೆ ಉಣುಗಿನಿಂದ ಬರೋ ಮೆದುಳು ಜ್ವರದ ವೈರಸ್‌ಗೆ ಅದು ಹತ್ತಿರದ ಸಂಬಂಧಿ. ಸೈಬೀರಿಯಾ ಕಡೆಯಿಂದ ಬರೋ ವಲಸೆ ಹಕ್ಕಿಗಳು ಇದನ್ನ ತಂದಿರಬಹುದಾ ಅಂತ ಪಕ್ಷಿತಜ್ಞ ಸಲೀಂ ಅಲಿ ಮತ್ತು ಅವರ ಜೊತೆಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿದ್ದೂ ಉಂಟು. ನಮ್ಮ ಪಕ್ಕದ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲಾ ಇದೆ. ಹೆಮ್ಮೆ ಪಡೋ ಕಾರಣಕ್ಕಂತೂ ಅಲ್ಲ.

ಬಹಳ ವರ್ಷ ಇದು ಸೊರಬ, ಸಾಗರದ ಸುತ್ತಮುತ್ತ ಮಾತ್ರ ಇತ್ತು. ಆಮೇಲೆ ತೀರ್ಥಹಳ್ಳಿ, ಹೊಸನಗರ, ಉತ್ತರ ಕನ್ನಡದ ಸಿದ್ದಾಪುರ, ಚಿಕ್ಕಮಗಳೂರಿನ ಕೊಪ್ಪ, ಎನ್.ಆರ್.ಪುರ ಎಲ್ಲಾ ಕಡೆ ಕಾಣಿಸಿಕೊಂಡಿತು. 1980ರ ದಶಕದ ಮೊದಲಿಗೆ ಬೆಳ್ತಂಗಡಿಯ ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ದೊಡ್ಡ ಮಟ್ಟದಲ್ಲಿ ಬಂದು ತುಂಬಾ ಜನ ಸತ್ತರು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಪತ್ತೆಯಾಯ್ತು. ನಮ್ಮ ತಾಲೂಕಿನವರು ಮರೆಯೋಕಾಗದ್ದು 2018ರ ಡಿಸೆಂಬರ್. ಅರಲಗೋಡು ಭಾಗದಲ್ಲಿ ಶುರುವಾಗಿ 2019ರ ಬೇಸಿಗೆವರೆಗೂ ಎಳೆದು ಹಲವು ಮನೆಗಳಲ್ಲಿ ದುಡಿಯೋ ಕೈಗಳನ್ನೇ ಕಿತ್ತುಕೊಂಡು ಹೋಯ್ತು.

ಹಸುವಿನ ಮೈಮೇಲೆ ಕಾಣೋ ದಪ್ಪ ಉಣುಗಲ್ಲ

ಇಲ್ಲೇ ಹೆಚ್ಚಿನವರು ತಪ್ಪು ತಿಳ್ಕೊಳ್ಳೋದು. ಉಣುಗು (ಕೆಲವು ಕಡೆ ಉಣ್ಣೆ, ಉಣ್ಣಿ ಅಂತಾರೆ) ಅಂದ ಕೂಡಲೇ ಹಸುವಿನ ಕಿವಿ ಸಂದಿಯಲ್ಲೋ ಕೆಚ್ಚಲ ಹತ್ತಿರವೋ ದ್ರಾಕ್ಷಿ ಹಾಗೆ ಊದಿಕೊಂಡು ಕೂತಿರೋದು ಕಣ್ಮುಂದೆ ಬರುತ್ತೆ. ಮನುಷ್ಯರಿಗೆ ಮಂಗನ ಕಾಯಿಲೆ ಹೆಚ್ಚಾಗಿ ಅಂಟಿಸೋದು ಅದಲ್ಲ, ಅದರ ಮರಿ. ಎಳ್ಳಿನ ಕಾಳಿಗಿಂತ ದೊಡ್ಡದೇನಿಲ್ಲ. ಕಾಲಿನ ಮೇಲೆ ಕೂತಿದ್ರೆ ಮಣ್ಣಿನ ಕಣ ಅಂದ್ಕೋತೀರಿ, ಮಚ್ಚೆ ಅಂದ್ಕೋತೀರಿ. ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗಲ್ಲ. "ನಂಗೆ ಉಣುಗೇ ಕಚ್ಚಿಲ್ಲ, ಇದು ಬೇರೆ ಜ್ವರ" ಅಂತ ಜನ ಹೇಳೋದು ಇದಕ್ಕೇ.

ಅದರ ವರ್ಷದ ಲೆಕ್ಕ ಹೀಗಿದೆ. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಜಿಂಕೆ, ಕಡವೆ ಹೀಗೆ ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮಳೆ ಬಿಟ್ಟ ಮೇಲೆ ಆರು ಕಾಲಿನ ಪುಟಾಣಿ ಮರಿಗಳು ಹೊರಗೆ ಬರ್ತಾವೆ. ಅವು ಇಲಿ, ಸುಂಡಿಲಿ, ಅಳಿಲು, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ರೆ ಮರಿಗೂ ಬಂತು. ಹೊಟ್ಟೆ ತುಂಬಿದ ಮೇಲೆ ಉದುರಿ, ಪೊರೆ ಕಳಚಿ ಎಂಟು ಕಾಲಿನ ಮರಿಯಾಗುತ್ತೆ. ಡಾಕ್ಟರುಗಳು ನಿಂಫ್ ಅನ್ನೋದು ಇದನ್ನೇ. ದರಗಿನ ಮೇಲೆ, ಗಿಡದ ಬುಡದಲ್ಲಿ ಕೂತು ಯಾವುದಾದ್ರೂ ಮೈ ತಾಗುತ್ತಾ ಅಂತ ಕಾಯುತ್ತೆ. ಆಗ ಹೋದವರು ನಾವು.

ಮಂಗ ಹತ್ತಿರ ಬಂದ್ರೆ, ಮುಟ್ಟಿದ್ರೆ, ಉಸಿರು ತಾಗಿದ್ರೆ ಕಾಯಿಲೆ ಬರುತ್ತೆ ಅಂತ ಕೆಲವರು ಹೆದರ್ತಾರೆ. ಪಾಪ, ಮಂಗನೂ ನಮ್ಮ ಹಾಗೆ ಉಣುಗಿನಿಂದಲೇ ಸಾಯೋದು. ಕಪ್ಪು ಮೋರೆಯ ಮುಸಿಯಾಗಳಂತೂ ಬೇಗ ಸಾಯ್ತಾವೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗುಗಳು ಬಿಟ್ಟು ಸುತ್ತಲಿನ ದರಗಿಗೆ ಇಳಿಯುತ್ತವೆ. ಮಂಗ ಸತ್ತ ಜಾಗ ಆಮೇಲೆ ಎಷ್ಟೋ ದಿನ ಅಪಾಯದ ಜಾಗ ಆಗಿರೋದು ಈ ಕಾರಣಕ್ಕೆ.

ಜ್ವರ ಹೇಗಿರುತ್ತೆ

ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಚಳಿ ಹುಟ್ಟಿಸಿಕೊಂಡು ಜೋರು ಜ್ವರ. ಹಣೆ ಒಡೆದು ಹೋಗೋ ತಲೆನೋವು, ಸೊಂಟ, ಮೀನಖಂಡ ಹಿಂಡಿದಂತೆ ನೋವು. ಕಣ್ಣು ಕೆಂಪಾಗಬಹುದು. ಮೂರ್ನಾಲ್ಕು ದಿನಕ್ಕೆ ವಾಂತಿ, ಭೇದಿ, ವಿಪರೀತ ಸುಸ್ತು. ಕೆಲವರಿಗೆ ಮೂಗು, ಒಸಡಿನಿಂದ ರಕ್ತ, ಮಲ ಕಪ್ಪಗಾಗೋದು. ಬಿಪಿ ಇಳಿಯುತ್ತೆ, ಪ್ಲೇಟ್‌ಲೆಟ್ ಇಳಿಯುತ್ತೆ. ಪ್ಲೇಟ್‌ಲೆಟ್ ಅಂದ ಕೂಡಲೇ ಎಲ್ಲರ ಬಾಯಿಗೂ ಬರೋದು ಡೆಂಗಿ. ನಮ್ಮ ಕಡೆ ಡೆಂಗಿ ಜೋರಾಗಿರೋದು ಹೆಚ್ಚಾಗಿ ಮಳೆಗಾಲದಲ್ಲಿ. ಜನವರಿ, ಫೆಬ್ರವರಿಯಲ್ಲಿ ಕಾಡಂಚಿನ ಮನೆಯವರಿಗೆ ಇಂಥ ಜ್ವರ ಬಂದ್ರೆ ಮೊದಲ ಅನುಮಾನ ಮಂಗನ ಕಾಯಿಲೆ ಮೇಲೇ ಇರಬೇಕು.

ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ತಾರೆ. ಆದರೆ ನೂರಕ್ಕೆ 10ರಿಂದ 20 ಜನರಿಗೆ ಮೂರನೇ ವಾರದ ಹೊತ್ತಿಗೆ ಎರಡನೇ ಸುತ್ತು ಬರುತ್ತೆ: ಮತ್ತೆ ಜ್ವರ, ತಡೆಯೋಕಾಗದ ತಲೆನೋವು, ಕೈ ನಡುಗೋದು, ಕಣ್ಣು ಮಂಜಾಗೋದು, ಮಾತು-ಬುದ್ಧಿ ಹಿಡಿತ ತಪ್ಪೋದು. ಜ್ವರ ಬಿಡ್ತು ಅಂತ ತೋಟಕ್ಕೆ ಇಳಿದವರು ಇಲ್ಲಿ ಸಿಕ್ಕಿಹಾಕ್ಕೋತಾರೆ. ಆಸ್ಪತ್ರೆಯಿಂದ ಬಂದ ಮೇಲೂ ತಿಂಗಳು ಹುಷಾರಾಗಿರಿ, ಮನೆಯವರು ಒಂದು ಕಣ್ಣು ಇಟ್ಟಿರಿ.

ಕಾಯಿಲೆ ಬಂದ ನೂರರಲ್ಲಿ 3ರಿಂದ 5 ಜನ ಸಾಯ್ತಾರೆ ಅಂತ ಲೆಕ್ಕ. ಕಡಿಮೆ ಅನಿಸಬಹುದು. ಒಂದೇ ಊರಲ್ಲಿ ನಲವತ್ತು ಜನಕ್ಕೆ ಬಂದ್ರೆ ಇಬ್ಬರು. ಆ ಇಬ್ಬರು ಯಾರ ಮನೆಯವರು ಅನ್ನೋದು ಮೊದಲೇ ಗೊತ್ತಿರಲ್ಲ.

ಈ ವೈರಸ್ ಕೊಲ್ಲೋ ಔಷಧ ಸದ್ಯ ಇಲ್ಲ. ನೀರಿನಂಶ, ಬಿಪಿ, ರಕ್ತಸ್ರಾವ ನೋಡಿಕೊಂಡು ದೇಹ ತಾನೇ ಗೆಲ್ಲೋ ತನಕ ಕಾಪಾಡೋದೇ ಚಿಕಿತ್ಸೆ. ಹಾಗಾಗಿ ಎಷ್ಟನೇ ದಿನ ಆಸ್ಪತ್ರೆಗೆ ಹೋದಿರಿ ಅನ್ನೋದರ ಮೇಲೇ ಬಹಳಷ್ಟು ನಿಂತಿದೆ. ಜ್ವರ ಬಂದ ಮೊದಲ ದಿನ, ತಪ್ಪಿದರೆ ಎರಡನೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. "ಕಾಡಿಗೆ ಹೋಗಿದ್ದೆ", "ದರಗು ತಂದಿದ್ದೆ", "ನಮ್ಮೂರಲ್ಲಿ ಮಂಗ ಸತ್ತಿತ್ತು" ಅನ್ನೋದನ್ನ ಬಾಯಿಬಿಟ್ಟು ಹೇಳಿ. ಹೊಸದಾಗಿ ಬಂದ ಡಾಕ್ಟರಿಗೆ ನಿಮ್ಮ ಊರಿನ ಕಾಡು ಗೊತ್ತಿರಲ್ಲ. ರಕ್ತದ ಸ್ಯಾಂಪಲ್ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಹೋಗುತ್ತೆ. ಮೊದಲ ದಿನಗಳಲ್ಲಿ ಆರ್‌ಟಿಪಿಸಿಆರ್, ತಡವಾದ್ರೆ ಎಲೈಸಾ. ರಿಪೋರ್ಟ್ ಬರೋವರೆಗೆ ಮನೆಯಲ್ಲೇ ಕಾಯ್ತಾ ಕೂರಬೇಡಿ, ವಾಂತಿ ನಿಲ್ಲದಿದ್ರೆ ಅಥವಾ ರಕ್ತ ಕಂಡ್ರೆ ತಕ್ಷಣ 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ.

ಅಂಗಡಿಯವರಿಗೆ ಎರಡು ಮಾತು

ಇದು ಮೆಡಿಕಲ್ ಶಾಪಿನವರಿಗೂ ಹೌದು, ಊರ ಕಿರಾಣಿ ಅಂಗಡಿಯಲ್ಲಿ ಜ್ವರದ ಮಾತ್ರೆ ಇಟ್ಟುಕೊಂಡವರಿಗೂ ಹೌದು. "ಅಣ್ಣಾ, ಜ್ವರ ಮೈಕೈ ನೋವಿಗೆ ಏನಾದ್ರೂ ಕೊಡು" ಅಂತ ಬರ್ತಾರೆ. ನಾವು ಅಭ್ಯಾಸಬಲದಿಂದ ನೋವಿನ ಮಾತ್ರೆ ಸೇರಿಸಿ ಕೊಟ್ಟುಬಿಡ್ತೀವಿ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ ಆಗೋ ಸಾಧ್ಯತೆ ಇರೋದ್ರಿಂದ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಅಪಾಯ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅದನ್ನೂ ಮೂರು ದಿನಕ್ಕೆ ಕಟ್ಟಿ ಕೊಡಬೇಡಿ. ಇವತ್ತಿಗೆ ಕೊಟ್ಟು, ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ ಅನ್ನಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ನಾಲ್ಕನೇ ದಿನ ಆಸ್ಪತ್ರೆ ಮೆಟ್ಟಿಲು ಹತ್ತೋದ್ರಿಂದಲೇ ಕೇಸು ಕೈ ಮೀರೋದು.

ಇನ್ನೊಂದು ಮಾತು. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡಲ್ಲ. ಕೆಮ್ಮಿದ್ರೂ ಇಲ್ಲ, ಮುಟ್ಟಿದ್ರೂ ಇಲ್ಲ, ಒಟ್ಟಿಗೆ ಉಂಡ್ರೂ ಇಲ್ಲ. ಜ್ವರ ಬಂದ ಮನೆಯವರು ಸಾಮಾನಿಗೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸೋದು, ಆ ಮನೆ ಹಾಲು ಬೇಡ ಅನ್ನೋದು ಬೇಕಾಗಿಲ್ಲ. ಇದು ಕೊರೋನಾ ಅಲ್ಲ.

ಸೀಗೆ, ಅಂಟುವಾಳ ಅಂತ ಕಾಡುತ್ಪತ್ತಿ ಕೊಳ್ಳೋ ಅಂಗಡಿಯವರು ಚೀಲಗಳನ್ನ ಒಳಗೆ ತಂದು ಅದರ ಮೇಲೇ ಕೂರೋ ಬದಲು ಮೊದಲು ಹೊರಗೆ ಬಿಸಿಲಿಗೆ ಹರವಿಸಿ. ಹೋಮ್‌ಸ್ಟೇ ನಡೆಸೋರು ಹತ್ತಿರದಲ್ಲಿ ಮಂಗ ಸತ್ತಿದ್ರೆ ಆ ಕಡೆ ಗೆಸ್ಟುಗಳನ್ನ ಟ್ರೆಕ್ಕಿಂಗ್ ಕರೆದುಕೊಂಡು ಹೋಗಬೇಡಿ. ಒಂದು ವಾರದ ವ್ಯಾಪಾರ ಹೋಗುತ್ತೆ ನಿಜ. ಬೆಂಗಳೂರಿಗೆ ವಾಪಸ್ ಹೋದ ಗೆಸ್ಟಿಗೆ ಜ್ವರ ಬಂದ್ರೆ ಅಲ್ಲಿನ ಡಾಕ್ಟರಿಗೆ ಉಣುಗಿನ ನೆನಪೇ ಬರದಿರಬಹುದು, ಅದು ಇನ್ನೂ ಕಷ್ಟ.

ಕಾಡಿಗೆ ಹೋಗದೆ ಆಗಲ್ಲ, ಹೋಗುವಾಗ ಏನು ಮಾಡ್ಬೇಕು

"ಕಾಡಿಗೆ ಹೋಗಬೇಡಿ" ಅಂತ ಕರಪತ್ರದಲ್ಲಿ ಬರೆಯೋದು ಸುಲಭ. ಕೊಟ್ಟಿಗೆಗೆ ದರಗು ಎಲ್ಲಿಂದ ಬರಬೇಕು, ಬಚ್ಚಲ ಒಲೆಗೆ ಕಟ್ಟಿಗೆ ಎಲ್ಲಿಂದ ಬರಬೇಕು? ಹಾಗಾಗಿ ಹೋಗುವವರಿಗೇ ಹೇಳ್ತಿದ್ದೇವೆ.

ಸಾಧ್ಯ ಇದ್ದವರು ವರ್ಷದ ಕಟ್ಟಿಗೆಯನ್ನ ನವೆಂಬರ್ ಒಳಗೇ ತಂದು ಒಟ್ಟಿಕೊಳ್ಳಿ. ಮಂಗ ಸತ್ತ ಕಡೆಯ ದರಗು ಆ ವರ್ಷ ಬಿಟ್ಟುಬಿಡಿ, ಭತ್ತದ ಹುಲ್ಲೋ ತೋಟದ ಅಡಕೆ ಸೋಗೆಯೋ ನೋಡಿಕೊಳ್ಳಿ.

ಹೊರಡೋ ಮೊದಲು ಡೇಪಾ ಎಣ್ಣೆ. ಇದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಕಂಡುಹಿಡಿದಿದ್ದು, ಉಣುಗು ಹತ್ತಿರ ಬರದ ಹಾಗೆ ತಡೆಯುತ್ತೆ. ಆರೋಗ್ಯ ಇಲಾಖೆ ಬಿಟ್ಟಿಯಾಗಿ ಹಂಚುತ್ತೆ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಪಾದದಿಂದ ತೊಡೆವರೆಗೆ, ಕೈಗೆ, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಬೆವರು ಹರಿದ್ರೆ, ಹಳ್ಳ ದಾಟಿದ್ರೆ ಮತ್ತೆ ಹಚ್ಚಬೇಕು. ವಾಸನೆ ಅಂತಲೋ ಜಿಡ್ಡು ಅಂತಲೋ ಬಾಟಲಿಯನ್ನ ಗೂಡಿನಲ್ಲಿ ಇಟ್ಟು ಮರೆತಿರೋ ಮನೆಗಳು ಎಷ್ಟು ಬೇಕಾದ್ರೂ ಇವೆ. ಬೇವಿನೆಣ್ಣೆ ಹಚ್ಚಿದೀನಿ, ಅದೇ ಸಾಕು ಅಂತ ಇದನ್ನ ಬಿಡಬೇಡಿ.

ಉದ್ದ ತೋಳಿನ ಅಂಗಿ, ಪ್ಯಾಂಟು. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸಿಗಿಸಿ, ಅದರ ಮೇಲೆ ಗಮ್‌ಬೂಟ್ ಇದ್ರೆ ಇನ್ನೂ ಒಳ್ಳೇದು. ಹೆಂಗಸರು ಸೀರೆ ಮೇಲೆ ಕಟ್ಟಿಕೊಂಡು ಬರಿಗಾಲಲ್ಲಿ ಹೋಗೋ ಬದಲು ಗಂಡಸರ ಹಳೇ ಪ್ಯಾಂಟು ಹಾಕ್ಕೊಂಡ್ರೆ ಯಾರೂ ನಗಲ್ಲ, ನಕ್ಕರೆ ನಗಲಿ. ದರಗಿನ ಹೊರೆ ಹೊರೋದು ಹೆಚ್ಚಾಗಿ ಅವರೇ. ತಿಳಿ ಬಣ್ಣದ ಬಟ್ಟೆ ಆದ್ರೆ ಹತ್ತಿದ ಉಣುಗು ಕಾಣುತ್ತೆ. ನೆಲದ ಮೇಲೆ, ದರಗಿನ ಮೇಲೆ ಕೂತು ಎಲೆಅಡಕೆ ಹಾಕ್ಕೊಳ್ಳೋದು, ಒಂದು ನಿದ್ದೆ ತೆಗೆಯೋದು ಈ ಆರು ತಿಂಗಳು ಬೇಡ.

ಮನೆಗೆ ಬಂದ ಮೇಲಿನ ಅರ್ಧ ಗಂಟೆ ತುಂಬಾ ಮುಖ್ಯ. ಕಾಡಿನ ಬಟ್ಟೆಯಲ್ಲಿ ಒಳಗೆ ಬರಬೇಡಿ, ಹಾಸಿಗೆ ಮೇಲೆ ಎಸೀಬೇಡಿ. ಹಂಡೆಯ ಬಿಸಿನೀರು, ಸೋಪಿಗೆ ಬಟ್ಟೆ ಹಾಕಿ. ನೀವೂ ಬಿಸಿನೀರಲ್ಲಿ ಸೋಪು ಹಾಕಿ ತಿಕ್ಕಿ ಸ್ನಾನ ಮಾಡಿ. ಆಮೇಲೆ ಬೆಳಕಿನಲ್ಲಿ ಮೈ ನೋಡಿಕೊಳ್ಳಿ: ಉಡುದಾರದ ಜಾಗ, ಕಂಕುಳು, ತೊಡೆ ಸಂದಿ, ಮಂಡಿ ಹಿಂಭಾಗ, ಕಿವಿ ಹಿಂದೆ, ತಲೆಕೂದಲು. ಬೆನ್ನು ಮನೆಯವರು ನೋಡ್ಬೇಕು. ಜೊತೆಗೆ ಬಂದ ನಾಯಿಯನ್ನೂ ನೋಡಿ. ನಾಯಿ ಉಣುಗಿನಿಂದ ಬರೋ ಟಿಕ್ ಟೈಫಸ್ ಅನ್ನೋ ಜ್ವರ ಬೇರೆಯದು, ಅದಕ್ಕೆ ಮಾತ್ರೆ ಇದೆ. ಆದ್ರೂ ಯಾಕೆ ಬೇಕು.

ಕಚ್ಚಿಕೊಂಡಿದ್ದು ಸಿಕ್ಕಿದ್ರೆ ಬೀಡಿ ಬೆಂಕಿ, ಸೀಮೆಎಣ್ಣೆ, ಉಂಬಳಕ್ಕೆ ಹಾಕಿದ ಹಾಗೆ ಸುಣ್ಣ-ತಂಬಾಕು ಇದ್ಯಾವುದೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನಿಧಾನ, ನೇರ ಮೇಲಕ್ಕೆ ಎಳೀರಿ. ತಿರುಚಬೇಡಿ. ಉಗುರಲ್ಲಿ ಚಿವುಟಿ ಒರೆಯೋದು ನಮ್ಮೆಲ್ಲರ ಅಭ್ಯಾಸ, ಅದನ್ನ ಬಿಡಬೇಕು, ಒಡೆದ ಉಣುಗಿನ ರಸ ಕೈಗೆ ತಾಗಬಾರದು. ಜಾಗವನ್ನೂ ಕೈಯನ್ನೂ ಸೋಪಲ್ಲಿ ತೊಳೀರಿ, ಕ್ಯಾಲೆಂಡರಲ್ಲಿ ದಿನಾಂಕ ಗುರುತು ಹಾಕಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದ್ರೆ ಡಾಕ್ಟರಿಗೆ ಆ ದಿನಾಂಕ ಹೇಳಿ.

ಹಸುಗಳಿಗೆ ಮಂಗನ ಕಾಯಿಲೆ ಬರಲ್ಲ. ಆದ್ರೆ ಕಾಡಿಗೆ ಮೇಯೋಕೆ ಹೋಗಿ ದೊಡ್ಡ ಉಣುಗನ್ನ ಸಾಕಿ, ಅದರ ಸಂತಾನ ಬೆಳೆಸೋದು ಅವೇ. ಪಶು ಆಸ್ಪತ್ರೆಯಲ್ಲಿ ಉಣುಗಿನ ಔಷಧ ಕೇಳಿ ಹಾಕಿಸಿ. ಔಷಧ ಹಾಕಿದ ಮೇಲೆ ಎಷ್ಟು ದಿನ ಹಾಲು ಡೇರಿಗೆ ಕೊಡಬಾರದು ಅನ್ನೋದನ್ನೂ ಅಲ್ಲೇ ಕೇಳಿಕೊಳ್ಳಿ.

ಮಂಗ ಸತ್ತಿದ್ದು ಕಂಡ್ರೆ

ಹನುಮಂತ ಅಂತ ಭಕ್ತಿಯಿಂದ ಊರವರೇ ಸೇರಿ, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು ಹೂಳೋದು ನಮ್ಮಲ್ಲಿ ಇದೆ. ಭಕ್ತಿಗೆ ಯಾರ ತಕರಾರೂ ಇಲ್ಲ. ಆದ್ರೆ ಹೊತ್ತುಕೊಂಡು ಹೋದ ನಾಲ್ಕು ಜನಕ್ಕೂ ಉಣುಗು ಹತ್ತಿರುತ್ತೆ, ಇಲಾಖೆಗೆ ಸ್ಯಾಂಪಲ್ಲೂ ಸಿಗಲ್ಲ. ಹತ್ತಿರ ಹೋಗಬೇಡಿ, ಮಕ್ಕಳನ್ನ, ದನವನ್ನ ಆ ಕಡೆ ಬಿಡಬೇಡಿ. ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಯವರಿಗೋ, ಪಂಚಾಯ್ತಿಗೋ ತಕ್ಷಣ ಹೇಳಿ. ಯಾರ ನಂಬರೂ ಇಲ್ಲ ಅಂದ್ರೆ ಆರೋಗ್ಯ ಸಹಾಯವಾಣಿ 104. ಅವರು ಬಂದು ಪರೀಕ್ಷೆಗೆ ಸ್ಯಾಂಪಲ್ ತಗೊಂಡು, ಸುಟ್ಟು, ಸುತ್ತ 50 ಅಡಿವರೆಗೆ ಮೆಲಾಥಿಯಾನ್ ಪುಡಿ ಹಾಕ್ತಾರೆ. ಮನುಷ್ಯರಿಗೆ ಜ್ವರ ಬರೋ ಮುಂಚೆ ಕಾಡು ಕೊಡೋ ಸುಳಿವು ಇದೊಂದೇ. ಊರಿಗೆ ಕೆಟ್ಟ ಹೆಸರು ಬರುತ್ತೆ, ಜನ ಬರೋದು ನಿಲ್ಲುತ್ತೆ ಅಂತ ಮುಚ್ಚಿಟ್ಟರೆ ಆ ಸುಳಿವೂ ಹೋಯ್ತು.

ಲಸಿಕೆ ಕಥೆ ಏನಾಯ್ತು

1990ರಿಂದ ನಮ್ಮ ಕಡೆ ಕೊಡ್ತಿದ್ದ ಲಸಿಕೆ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಉರಿಯುತ್ತೆ ಅಂತ ಬಹಳ ಜನ ಒಂದು ಡೋಸಿಗೇ ನಿಲ್ಲಿಸ್ತಿದ್ರು. 2005ರಿಂದ 2010ರವರೆಗಿನ ನಮ್ಮ ಜಿಲ್ಲೆಯ ಲೆಕ್ಕ ಹಾಕಿ ನೋಡಿದಾಗ ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ, ಎರಡು ಡೋಸಿಗೆ ಶೇ 62, ಬೂಸ್ಟರ್ ಸೇರಿದ್ರೆ ಶೇ 83ರಷ್ಟು ರಕ್ಷಣೆ ಅಂತ ಗೊತ್ತಾಯ್ತು. ಆಮೇಲೆ ಲಸಿಕೆಯ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದು 2022ರಲ್ಲಿ ಕೊಡೋದು ನಿಂತಿತು. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಸೋ ಕೆಲಸ ಹಿಡಿದಿವೆ. ಹೊಸದು ನಮ್ಮ ಆರೋಗ್ಯ ಕೇಂದ್ರದ ಫ್ರಿಜ್ಜಿಗೆ ಬರೋವರೆಗೆ ಹಳೇ ಲಸಿಕೆ ಹಾಕಿಸಿಕೊಂಡವರೂ ಅದನ್ನ ನಂಬಿ ಬರಿಗಾಲಲ್ಲಿ ದರಗಿಗೆ ಇಳಿಯಬಾರದು. ವರ್ಷ ವರ್ಷ ಬೂಸ್ಟರ್ ಇಲ್ಲದಿದ್ರೆ ಅದರ ಬಲ ಉಳಿಯಲ್ಲ.

ನಿಮ್ಮ ಊರಿಗೆ ಈ ಸಲ ಡೇಪಾ ಎಣ್ಣೆ ಇನ್ನೂ ಬಂದಿಲ್ಲ ಅಂದ್ರೆ ಪಂಚಾಯ್ತಿಯ ಮುಂದಿನ ಸಭೆಯಲ್ಲಿ ಕೇಳಿ, ನಮಗೂ ಊರಿನ ಹೆಸರು ಕಳಿಸಿ. ಯಾವ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಬರುತ್ತೆ ಅನ್ನೋದನ್ನೂ ಬರೆಯಿರಿ.